ನಗರಕೇಂದ್ರದ ಯೋಜನಾ ನೀತಿ ಪರಿಶೀಲನೆ: ಹೊಸ ನಿಯಮಕ್ಕೆ ಮೊದಲು ಹಳೆಯದರ ಲೆಕ್ಕ

ಚರ್ಚೆ ಆರಂಭಿಸಿದವರು

ನಗರಕೇಂದ್ರದ ಯೋಜನಾ ನೀತಿಯ ಕರಡು ಆಕ್ಷೇಪಣೆ, ಸಲಹೆಗಳಿಗಾಗಿ ಪ್ರಕಟವಾದಾಗಲೆಲ್ಲ ನಾವು ಮಾಡುತ್ತ ಬಂದಿರುವ ಕೆಲಸ ಒಂದೇ. ಕರಡನ್ನು ಮುಂದಿಟ್ಟುಕೊಂಡು ಯಾವ ಉಪವಿಧಿಗೆ ನಮ್ಮ ಒಪ್ಪಿಗೆಯಿದೆ, ಯಾವುದಕ್ಕೆ ಇಲ್ಲ ಎಂದು ಬರೆದು ಸಲ್ಲಿಸುತ್ತೇವೆ. ಅದು 'ಗಮನಿಸಲಾಗಿದೆ' ಎಂಬ ಷರಾದೊಂದಿಗೆ ಕಡತ ಸೇರುತ್ತದೆ. ಕೆಲವು ವರ್ಷ ಕಳೆದ ಮೇಲೆ ಇನ್ನೊಂದು ಕರಡು ಬರುತ್ತದೆ, ಹಿಂದಿನದರಲ್ಲಿದ್ದ ವಾಕ್ಯಗಳೇ ಅದರಲ್ಲೂ ಇರುತ್ತವೆ. ಈ ಬಾರಿ ಹೊಸ ಕರಡಿನ ಮಾತಿಗೆ ಹೋಗುವ ಮೊದಲು, ಈಗ ಜಾರಿಯಲ್ಲಿರುವ ನಿಯಮಗಳು ಬೀದಿಯಲ್ಲಿ ಏನು ಮಾಡಿವೆ ಎಂಬುದರ ಲೆಕ್ಕ ಕೇಳೋಣ, ಸಾಧ್ಯವಾದಷ್ಟನ್ನು ನಾವೇ ತೆಗೆಯೋಣ ಎಂಬುದು ನನ್ನ ಕೋರಿಕೆ.

ಲೆಕ್ಕವೆಂದ ಕೂಡಲೇ ದೊಡ್ಡ ಅಧ್ಯಯನ ಬೇಕೆಂದು ಹಿಂಜರಿಯಬೇಕಿಲ್ಲ. ಕಳೆದ ತಿಂಗಳು ನಾನು ಅಳತೆಪಟ್ಟಿ ಹಿಡಿದು ಕೇಂದ್ರಭಾಗದ ಒಂದು ಮುಖ್ಯರಸ್ತೆಯ ಪಾದಚಾರಿ ಮಾರ್ಗವನ್ನು ಒಂದು ಸಿಗ್ನಲ್‌ನಿಂದ ಮುಂದಿನ ಸಿಗ್ನಲ್‌ವರೆಗೆ ಅಳೆದೆ. ಮಂಜೂರಾದ ನಕ್ಷೆಯಲ್ಲಿ ಅದರ ಅಗಲ ಎರಡೂವರೆ ಮೀಟರ್. ಮೊದಲ ಇಪ್ಪತ್ತು ಹೆಜ್ಜೆಯವರೆಗೆ ಅಷ್ಟೇ ಇತ್ತು. ಆಮೇಲೆ ಟ್ರಾನ್ಸ್‌ಫಾರ್ಮರ್‌ನ ಬೇಲಿ ಬಂತು, ಅದರ ಪಕ್ಕದಲ್ಲಿ ಕೇಬಲ್ ಪೆಟ್ಟಿಗೆ, ಮುಂದೆ ಒಂದು ಕಟ್ಟಡದ ನೆಲಮಾಳಿಗೆಗೆ ಇಳಿಯುವ ಇಳಿಜಾರಿನ ತುದಿ, ಇನ್ನೊಂದು ಕಟ್ಟಡದ ಹೊರಚಾಚಿದ ಎರಡು ಮೆಟ್ಟಿಲು. ಅತಿ ಕಿರಿದಾದ ಜಾಗದಲ್ಲಿ ಉಳಿದದ್ದು 70 ಸೆಂಟಿಮೀಟರ್. ಗಾಲಿಕುರ್ಚಿಯೊಂದು ಹಾದುಹೋಗಲು ಕನಿಷ್ಠ 90 ಸೆಂಟಿಮೀಟರ್ ಬೇಕು. ಅಂದರೆ ನಿಯಮ ಕಾಗದದ ಮೇಲೆ ಪೂರ್ತಿ ಪಾಲನೆಯಾಗಿದೆ, ಆದರೆ ಗಾಲಿಕುರ್ಚಿಯಲ್ಲಿ ಬಂದವರು ಅಲ್ಲಿಂದ ವಾಹನಗಳ ನಡುವೆ ರಸ್ತೆಗೆ ಇಳಿಯಲೇಬೇಕು. ಹೊಸ ಕರಡು 'ಪಾದಚಾರಿ ಮಾರ್ಗದ ಅಗಲವನ್ನು ಮೂರು ಮೀಟರಿಗೆ ಹೆಚ್ಚಿಸಲಾಗುವುದು' ಎಂದು ಬರೆದರೆ ಈ 70 ಸೆಂಟಿಮೀಟರ್ ಎಷ್ಟಾಗುತ್ತದೆ? ಟ್ರಾನ್ಸ್‌ಫಾರ್ಮರ್ ಎಲ್ಲಿರಬೇಕು, ಇಳಿಜಾರು ನಿವೇಶನದ ಒಳಗೇ ಮುಗಿಯಬೇಕೇ ಎಂಬುದನ್ನು ಹೇಳದ ಅಗಲದಿಂದ ನಡೆಯುವವರಿಗೆ ಪ್ರಯೋಜನವಿಲ್ಲ. ನಿಯಮದಲ್ಲಿ ಇರಬೇಕಾದದ್ದು ಒಟ್ಟು ಅಗಲವಲ್ಲ, ಅಡೆತಡೆಯಿಲ್ಲದ ಅಗಲ ಎಂಬುದು ಅಳತೆ ಹಿಡಿದ ಮೇಲೆಯೇ ನನಗೆ ಹೊಳೆದದ್ದು.

ಆದ್ದರಿಂದ ನಾನು ಕೇಳುವುದು ಇಷ್ಟು: ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ನಿಯಮವನ್ನು ಆರಿಸಿಕೊಳ್ಳಿ. ಅದು ಏನನ್ನು ಬಯಸಿ ಬಂತು, ನಿಜವಾಗಿ ಏನಾಯಿತು ಎಂಬುದನ್ನು ಬರೆಯಿರಿ. ಬೇರೆ ನಗರಗಳ ಅನುಭವವಿದ್ದರೆ ಅದನ್ನೂ ಸೇರಿಸಿ. ಇಲ್ಲಿ ಸೇರಿದ್ದನ್ನು ಒಂದು ಜಂಟಿ ಸಲಹಾಪತ್ರವಾಗಿ ಸಿದ್ಧಪಡಿಸುವ ಜವಾಬ್ದಾರಿ ನನ್ನದು.

ವಾಸ್ತುಶಿಲ್ಪಿ

ಒಳ್ಳೆಯ ಆರಂಭ. ನಾನು ಪ್ರೋತ್ಸಾಹಕ ಎಫ್‌ಎಆರ್ (ನಿವೇಶನದ ವಿಸ್ತೀರ್ಣಕ್ಕೆ ಹೋಲಿಸಿ ಒಟ್ಟು ಎಷ್ಟು ಕಟ್ಟಬಹುದೆಂಬ ಅನುಪಾತ) ವಿಷಯವನ್ನು ಎತ್ತಿಕೊಳ್ಳುತ್ತೇನೆ, ಏಕೆಂದರೆ ಹೆಚ್ಚಿನ ಕರಡುಗಳಲ್ಲಿ ಅದು ಯಾರ ಆಕ್ಷೇಪಣೆಯೂ ಇಲ್ಲದೆ ಸಲೀಸಾಗಿ ಪಾಸಾಗುವ ಭಾಗ. ಕಟ್ಟಡದ ಮುಂದೆ ಸಾರ್ವಜನಿಕರಿಗೆ ಒಂದಿಷ್ಟು ತೆರೆದ ಜಾಗ ಬಿಟ್ಟರೆ ಮೇಲೆ ಹೆಚ್ಚುವರಿ ಅಂತಸ್ತು ಕಟ್ಟಲು ಬಿಡುತ್ತೇವೆ ಎಂಬ ಈ ಕೊಡುಕೊಳ್ಳುವಿಕೆ ಕೇಳಲು ಎಲ್ಲರಿಗೂ ಲಾಭದ್ದೇ.

ಇದರ ಫಲವನ್ನು ಬಹಳ ಕಾಲ ನೋಡಿದ ನಗರ ನ್ಯೂಯಾರ್ಕ್. 1915ರಲ್ಲಿ ಮುಗಿದ ಇಕ್ವಿಟಬಲ್ ಕಟ್ಟಡ ಬೀದಿಯ ಅಂಚಿನಿಂದಲೇ ನೇರ ಮೇಲೆದ್ದು ಅಕ್ಕಪಕ್ಕವನ್ನೆಲ್ಲ ನೆರಳಿಗೆ ನೂಕಿದಾಗ ಎದ್ದ ಕೂಗಿನ ಬೆನ್ನಲ್ಲೇ 1916ರ ವಲಯ ನಿಯಮ ಬಂತು. ಎತ್ತರಕ್ಕೆ ಹೋದಂತೆ ಕಟ್ಟಡ ಹಿಂದೆ ಸರಿಯಬೇಕೆಂದು ಅದು ವಿಧಿಸಿತು. 1961ರ ಹೊಸ ನಿಯಮ ಹಾದಿ ಬದಲಿಸಿ, ಅತಿ ದಟ್ಟ ವಲಯಗಳಲ್ಲಿ ತೆರೆದ ಅಂಗಳದ ಪ್ರತಿ ಚದರಡಿಗೆ 10 ಚದರಡಿ ಹೆಚ್ಚುವರಿ ನಿರ್ಮಾಣಕ್ಕೆ ಅವಕಾಶ ಕೊಟ್ಟಿತು. ಕಟ್ಟುವವರು ಅಂಗಳ ಬಿಟ್ಟರು, ಅದರಲ್ಲಿ ಅನುಮಾನವಿಲ್ಲ. ಆದರೆ 2000ರಲ್ಲಿ ಪ್ರಕಟವಾದ ಗಣತಿಯು 320 ಕಟ್ಟಡಗಳಲ್ಲಿದ್ದ ಇಂಥ 503 ಜಾಗಗಳನ್ನು ಒಂದೊಂದಾಗಿ ನೋಡಿದಾಗ, ಅವುಗಳಲ್ಲಿ ಶೇ 41ರಷ್ಟು ಸಾರ್ವಜನಿಕರಿಗೆ ಹೆಚ್ಚೇನೂ ಉಪಯೋಗಕ್ಕೆ ಬರದವು ಎಂದು ಕಂಡಿತು. ಅಂತಸ್ತುಗಳು ಶಾಶ್ವತವಾಗಿ ಕಟ್ಟುವವರ ಪಾಲಾದವು, ಅಂಗಳದ ಪ್ರಯೋಜನ ಮಾತ್ರ ಅರೆಬರೆಯಾಗಿ ಜನರಿಗೆ ದಕ್ಕಿತು.

ಇದರ ನಡುವೆ ನಡೆದ ಒಂದು ತಿದ್ದುಪಡಿ ನನಗೆ ತುಂಬ ಇಷ್ಟವಾದದ್ದು. ವಿಲಿಯಂ ವೈಟ್ ಎಂಬವರು ಅಂಗಳಗಳ ಮೇಲೆ ಕ್ಯಾಮೆರಾ ಇಟ್ಟು, ಜನ ಎಲ್ಲಿ ಕೂರುತ್ತಾರೆ, ಎಲ್ಲಿ ನಿಲ್ಲದೆ ದಾಟಿಹೋಗುತ್ತಾರೆ ಎಂದು ತಾಳ್ಮೆಯಿಂದ ನೋಡಿದರು. ಕೂರಲು ಜಾಗವಿರುವಲ್ಲಿ ಜನ ಕೂರುತ್ತಾರೆ ಎಂಬ, ಮಗುವಿಗೂ ತಿಳಿಯುವ ಸಂಗತಿ ನಿಯಮದಲ್ಲಿ ಇರಲೇ ಇಲ್ಲ. 1975ರ ತಿದ್ದುಪಡಿಯಲ್ಲಿ ಅಂಗಳದ ಪ್ರತಿ 30 ಚದರಡಿಗೆ ಒಂದು ಅಡಿ ಉದ್ದದ ಕೂರುವ ಜಾಗ ಇರಲೇಬೇಕೆಂದು ಸೇರಿಸಲಾಯಿತು. 'ಸಾರ್ವಜನಿಕ ಸ್ಥಳವು ಆಹ್ಲಾದಕರವಾಗಿರತಕ್ಕದ್ದು' ಎಂಬ ವಾಕ್ಯಕ್ಕಿಂತ ಆ ಒಂದು ಅಳತೆ ಹೆಚ್ಚು ಕೆಲಸ ಮಾಡಿತು. ನಮ್ಮ ಸಲಹಾಪತ್ರದಲ್ಲಿ ಪ್ರೋತ್ಸಾಹಕ ಎಫ್‌ಎಆರ್ ಬೇಡವೆನ್ನುವುದಕ್ಕಿಂತ, ಇದುವರೆಗೆ ಪಡೆದ ಎಲ್ಲ ಕಟ್ಟಡಗಳ ಪಟ್ಟಿಯನ್ನೂ ಅವು ಬಿಟ್ಟ ಜಾಗದ ಇಂದಿನ ಸ್ಥಿತಿಯನ್ನೂ ಪ್ರಕಟಿಸಲು ಕೇಳೋಣ. ಅಂಥ ಜಾಗದಲ್ಲಿ ಗೇಟು ಹಾಕಿ ಕಾವಲುಗಾರರನ್ನು ನಿಲ್ಲಿಸಿರುವುದನ್ನು ನಾನೇ ಕಂಡಿದ್ದೇನೆ.

ಎತ್ತರದ ಕಟ್ಟಡಗಳ ಬಗ್ಗೆ ಇನ್ನೊಂದು ಮಾತು. ಗಾಳಿ ಮತ್ತು ಬಿಸಿಲನ್ನು ನಕ್ಷೆ ಮಂಜೂರಾಗುವ ಮೊದಲೇ ಪರೀಕ್ಷಿಸಬೇಕು. ಲಂಡನ್ನಿನ 20 ಫೆನ್‌ಚರ್ಚ್ ಸ್ಟ್ರೀಟ್ ಕಟ್ಟಡದ ಒಳಬಾಗಿದ ಗಾಜಿನ ಮುಖ 2013ರಲ್ಲಿ ಬಿಸಿಲನ್ನು ಬೀದಿಗೆ ಕೇಂದ್ರೀಕರಿಸಿ ಅಲ್ಲಿ ನಿಂತಿದ್ದ ಕಾರಿನ ಭಾಗಗಳನ್ನೇ ಕರಗಿಸಿತು. ಆ ಪ್ರದೇಶದ ಸ್ಥಳೀಯ ಆಡಳಿತ 2019ರಲ್ಲಿ ಎತ್ತರದ ಕಟ್ಟಡಗಳ ಗಾಳಿ ಪರೀಕ್ಷೆಗೆ ವಿವರವಾದ ಮಾರ್ಗಸೂಚಿ ಹೊರತಂದಿತು. ನಡೆಯುವವರ ಮಟ್ಟದಲ್ಲಿ ಗಾಳಿ ಹೇಗಿರುತ್ತದೆ ಎಂಬುದು ಕಟ್ಟಿ ಮುಗಿದ ಮೇಲೆ ತಿಳಿದರೆ ಏನೂ ಮಾಡಲಾಗದು.

ಅಂಗಡಿ ನಡೆಸುವವರು

ಎಲ್ಲರ ಬರಹವನ್ನೂ ಓದಿದೆ. ನನ್ನ ಭಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಇಂಥ ಪರಿಶೀಲನೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಪಾರ್ಕಿಂಗ್ ತೆಗೆಯುವುದರಲ್ಲಿ. ಕೇಂದ್ರಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ಬಾಡಿಗೆ ಏರುತ್ತಿದೆ, ಆನ್‌ಲೈನ್ ವ್ಯಾಪಾರ ಅರ್ಧ ಗಿರಾಕಿಗಳನ್ನು ಒಯ್ದಿದೆ. ಉಳಿದವರು ಗಾಡಿ ನಿಲ್ಲಿಸಲು ಜಾಗವಿಲ್ಲದೆ ಹೊರವಲಯದ ಮಾಲ್‌ಗೆ ಹೋದರೆ ನಾವು ಬಾಗಿಲು ಹಾಕಬೇಕಾಗುತ್ತದೆ. ನಡೆಯುವವರ ಹಿತ ಕಾಯಬೇಕೆಂಬುದಕ್ಕೆ ನನ್ನ ವಿರೋಧವಿಲ್ಲ, ಆದರೆ ಪ್ರಯೋಗದ ಹೆಸರಿನಲ್ಲಿ ಆರು ತಿಂಗಳು ರಸ್ತೆ ಮುಚ್ಚಿದರೆ ಆ ಆರು ತಿಂಗಳ ನಷ್ಟವನ್ನು ಯಾರು ತುಂಬಿಕೊಡುತ್ತಾರೆ? ಹಿಂದೊಮ್ಮೆ ಚರಂಡಿ ಕೆಲಸಕ್ಕೆಂದು ಮೂರು ವಾರವೆಂದು ಹೇಳಿ ಅಗೆದ ರಸ್ತೆ ಒಂಬತ್ತು ತಿಂಗಳು ಹಾಗೇ ಬಿದ್ದಿತ್ತು. ಪಕ್ಕದ ಎರಡು ಅಂಗಡಿಗಳು ಆಗ ಮುಚ್ಚಿದ್ದು ಇಂದಿಗೂ ತೆರೆದಿಲ್ಲ. ಲೆಕ್ಕ ತೆಗೆಯುವುದಾದರೆ ಅದರ ಲೆಕ್ಕವನ್ನೂ ತೆಗೆಯಿರಿ.

ಸಂಚಾರ ಎಂಜಿನಿಯರ್

ಅಂಗಡಿಯವರ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಕಾಮಗಾರಿ ವಿಳಂಬದ ನಷ್ಟ ನಿಜವಾದದ್ದು, ಅದನ್ನು ಅನುಭವಿಸಿದವರಿಗೆ 'ಮುಂದೆ ಒಳ್ಳೆಯದಾಗುತ್ತದೆ' ಎಂಬ ಸಮಾಧಾನ ಸಾಲದು. ಅದನ್ನು ಬದಿಗಿಡದೆಯೇ ಪಾರ್ಕಿಂಗ್ ವಿಷಯದಲ್ಲಿ ನನಗೆ ತಿಳಿದಿರುವುದನ್ನು ಬರೆಯುತ್ತೇನೆ. ಸ್ವಲ್ಪ ದೀರ್ಘವಾಗುತ್ತದೆ, ಕ್ಷಮಿಸಿ.

ಪಾರ್ಕಿಂಗ್ ಬಗ್ಗೆ ನೀತಿಯಲ್ಲಿ ಎರಡು ಬೇರೆಬೇರೆ ಸಂಗತಿಗಳಿವೆ, ಚರ್ಚೆಯಲ್ಲಿ ಅವೆರಡೂ ಬೆರೆತುಹೋಗುತ್ತವೆ. ಒಂದು, ರಸ್ತೆಬದಿಯ ಜಾಗ. ಇನ್ನೊಂದು, ಹೊಸ ಕಟ್ಟಡ ಇಷ್ಟು ಕಾರುಗಳಿಗೆ ಕಡ್ಡಾಯವಾಗಿ ಜಾಗ ಮಾಡಬೇಕೆಂಬ ಕನಿಷ್ಠ ಪಾರ್ಕಿಂಗ್ ನಿಯಮ. ಎರಡನೆಯದರಿಂದ ಆಗುವ ಹಾನಿ ಕಣ್ಣಿಗೆ ಕಾಣಿಸುವುದಿಲ್ಲ. ಓಡಾಟದ ದಾರಿಯನ್ನೂ ಸೇರಿಸಿದರೆ ಒಂದು ಕಾರಿಗೆ 25ರಿಂದ 30 ಚದರ ಮೀಟರ್ ಜಾಗ ಬೇಕು. ಕಚೇರಿಯಲ್ಲಿ ಕೂತು ಕೆಲಸ ಮಾಡುವವರೊಬ್ಬರಿಗೆ ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಸಣ್ಣ ನಿವೇಶನದಲ್ಲಿ ಕನಿಷ್ಠ ಪಾರ್ಕಿಂಗ್ ಒದಗಿಸಲಾಗದ ಮಾಲೀಕರು ಹಳೆಯ ಕಟ್ಟಡವನ್ನು ಹಾಗೇ ಬೀಳುಬಿಡುತ್ತಾರೆ, ಇಲ್ಲವೇ ನಾಲ್ಕು ನಿವೇಶನ ಕೂಡಿಸಿ ಕಟ್ಟುವ ದೊಡ್ಡವರಿಗೆ ಮಾರುತ್ತಾರೆ. ಚಿಕ್ಕ ಅಂಗಡಿಗಳ ಸಾಲು ಹೋಗಿ ನೆಲಮಾಳಿಗೆಯ ಬಾಯಿ ಬರುವುದು ಹೀಗೆ. ಮೊದಲ ಬರಹದಲ್ಲಿ ಪಾದಚಾರಿ ಮಾರ್ಗವನ್ನು ಕತ್ತರಿಸಿದ ಇಳಿಜಾರು ಇತ್ತಲ್ಲ, ಅದಕ್ಕೂ ಬೇರು ಇದೇ ನಿಯಮದಲ್ಲಿರುವುದು ಸಾಧ್ಯ. ಒಂದು ಉಪವಿಧಿ ನಡೆಯುವವರಿಗೆ ಜಾಗ ಕೊಡುತ್ತದೆ, ಇನ್ನೊಂದು ಉಪವಿಧಿ ಅದೇ ಜಾಗವನ್ನು ಕೀಳುತ್ತದೆ. ಎರಡನ್ನೂ ಬರೆದ ಕಚೇರಿ ಒಂದೇ ಆಗಿರಬಹುದು.

ಲಂಡನ್ 2004ರಲ್ಲಿ ಕನಿಷ್ಠವನ್ನು ತೆಗೆದು ಗರಿಷ್ಠ ಮಿತಿಗೆ ಬದಲಾಯಿತು, ಮೆಕ್ಸಿಕೋ ನಗರ 2017ರಲ್ಲಿ ಅದೇ ಹಾದಿ ಹಿಡಿಯಿತು, ಅಮೆರಿಕದ ಬಫಲೋ ಅದೇ ವರ್ಷ ಇಡೀ ನಗರಕ್ಕೆ ಕನಿಷ್ಠ ಪಾರ್ಕಿಂಗ್ ಕಡ್ಡಾಯವನ್ನು ಕೈಬಿಟ್ಟಿತು. ಪಾರ್ಕಿಂಗ್ ಕಟ್ಟಬೇಡಿ ಎಂದು ಅಲ್ಲಿ ಯಾರೂ ಹೇಳಲಿಲ್ಲ. ಬೇಕಾದವರು ಬೇಕಾದಷ್ಟನ್ನು ಮಿತಿಯೊಳಗೆ ಕಟ್ಟಿಕೊಳ್ಳಲಿ ಎಂದರು. ಜ್ಯೂರಿಕ್ 1996ರಲ್ಲಿ ಮಾಡಿಕೊಂಡ ಒಪ್ಪಂದ ಅಂಗಡಿಯವರಿಗೂ ಒಪ್ಪಿಗೆಯಾಗಬಹುದು: ಕೇಂದ್ರಭಾಗದ ಒಟ್ಟು ಪಾರ್ಕಿಂಗ್ ಸಂಖ್ಯೆ 1990ರ ಮಟ್ಟವನ್ನು ಮೀರುವಂತಿಲ್ಲ, ನೆಲದಡಿ ಹೊಸದಾಗಿ ಕಟ್ಟಿದಷ್ಟನ್ನು ರಸ್ತೆಬದಿಯಿಂದ ತೆಗೆಯಬೇಕು. ಸಂಖ್ಯೆ ಇಳಿಯಲಿಲ್ಲ, ಬೀದಿ ಮಾತ್ರ ತೆರವಾಯಿತು.

ಇನ್ನು ರಸ್ತೆಬದಿಯ ಜಾಗ. ಪಾರ್ಕಿಂಗ್ ಹುಡುಕುತ್ತ ಸುತ್ತುವ ವಾಹನಗಳ ಬಗ್ಗೆ ಅಮೆರಿಕದ ಪಾರ್ಕಿಂಗ್ ನೀತಿ ಸಂಶೋಧಕ ಡೊನಾಲ್ಡ್ ಶೂಪ್ ಹಲವು ನಗರಗಳ ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ, ಅವುಗಳ ಸರಾಸರಿಯಲ್ಲಿ ದಟ್ಟಣೆಯ ಸುಮಾರು ಶೇ 30ರಷ್ಟು ಇಂಥ ವಾಹನಗಳದ್ದು ಎಂದು ತೋರಿಸಿದರು. ಆ ಅಧ್ಯಯನಗಳು ಮೊದಲೇ ದಟ್ಟಣೆಯಿದ್ದ ಬೀದಿಗಳಲ್ಲಿ ನಡೆದವು, ಆದ್ದರಿಂದ ಆ ಸಂಖ್ಯೆಯನ್ನು ಎಲ್ಲ ಬೀದಿಗೂ ಅಂಟಿಸಬಾರದು. ಆದರೂ ಶುಲ್ಕವಿಲ್ಲದ ಜಾಗವನ್ನು ಯಾರು ಹಿಡಿದಿರುತ್ತಾರೆ ಎಂಬುದನ್ನು ಅಂಗಡಿಯವರೇ ಒಮ್ಮೆ ಗಮನಿಸಲಿ. ನಾನು ನೋಡಿದ ಬೀದಿಗಳಲ್ಲಿ ಬೆಳಿಗ್ಗೆ ನಿಂತ ಗಾಡಿ ಸಂಜೆಯವರೆಗೂ ಕದಲುವುದಿಲ್ಲ, ಮತ್ತು ಅದು ಬಹುಪಾಲು ಅಲ್ಲೇ ಕೆಲಸ ಮಾಡುವವರದ್ದು. ಹತ್ತು ನಿಮಿಷಕ್ಕೆ ಬಂದ ಗಿರಾಕಿಗೆ ಸಿಗಬೇಕಾದ ಜಾಗ ಅದು.

ಗಿರಾಕಿಗಳು ಹೇಗೆ ಬರುತ್ತಾರೆ ಎಂಬ ಅಂದಾಜೂ ತಪ್ಪುವುದುಂಟು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಎರಡು ಅಂಗಡಿ ಬೀದಿಗಳಲ್ಲಿ ನಡೆದ ಸಮೀಕ್ಷೆಯಲ್ಲಿ ವ್ಯಾಪಾರಿಗಳು ತಮ್ಮ ಗಿರಾಕಿಗಳಲ್ಲಿ ಶೇ 41ರಷ್ಟು ಕಾರಿನಲ್ಲಿ ಬರುತ್ತಾರೆ ಎಂದು ನಂಬಿದ್ದರು, ಗಿರಾಕಿಗಳನ್ನೇ ಕೇಳಿದಾಗ ಬಂದದ್ದು ಶೇ 22. ಕೋಪನ್‌ಹೇಗನ್ನಿನ ಸ್ಟ್ರೋಯೆಟ್ ಬೀದಿಗೆ 1962ರ ನವೆಂಬರಿನಲ್ಲಿ ಕಾರುಗಳ ಪ್ರವೇಶವನ್ನು ನಿಲ್ಲಿಸಿದಾಗ ಅಲ್ಲಿನ ವ್ಯಾಪಾರಿಗಳ ಆತಂಕ ಇಲ್ಲಿನದೇ ಆಗಿತ್ತು. ಪ್ರಯೋಗವಾಗಿ ಶುರುವಾದದ್ದು 1964ರಲ್ಲಿ ಕಾಯಂ ಆಯಿತು. ನೆದರ್ಲೆಂಡ್ಸ್‌ನ ಗ್ರೋನಿಂಗೆನ್ ನಗರ 1977ರಲ್ಲಿ ಬೇರೆ ಉಪಾಯ ಮಾಡಿತು. ಕೇಂದ್ರವನ್ನು ನಾಲ್ಕು ಭಾಗ ಮಾಡಿ, ಕಾರು ಒಂದು ಭಾಗದಿಂದ ಇನ್ನೊಂದಕ್ಕೆ ನೇರವಾಗಿ ಹೋಗದಂತೆ, ಹೊರಗಿನ ವರ್ತುಲ ರಸ್ತೆಗೆ ಬಂದೇ ಮತ್ತೆ ಒಳಹೋಗುವಂತೆ ಮಾಡಿತು. ಕೇಂದ್ರಕ್ಕೆ ಬರುವ ಕಾರು ಬಂದೇ ಬಂತು, ಕೇಂದ್ರವನ್ನು ಬರಿಯ ಅಡ್ಡದಾರಿಯಾಗಿ ಬಳಸುತ್ತಿದ್ದ ಕಾರು ಮಾತ್ರ ಹೊರಗುಳಿಯಿತು. ಈ ಎರಡರ ವ್ಯತ್ಯಾಸವನ್ನು ನಮ್ಮ ಕರಡು ಎಲ್ಲಿಯೂ ಮಾಡಿಲ್ಲ.

ಅಂಗಡಿ ನಡೆಸುವವರು

ಬೆಳಿಗ್ಗೆಯಿಂದ ಸಂಜೆವರೆಗೆ ಕದಲದ ಗಾಡಿಗಳ ಮಾತು ನಿಜ. ಅದರಲ್ಲಿ ಒಂದು ನನ್ನದೇ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಆದರೆ ಸರಕು ಇಳಿಸುವುದನ್ನು ನೀವು ಯಾರೂ ಪ್ರಸ್ತಾಪಿಸಲೇ ಇಲ್ಲ. ಅಂಗಡಿಗೆ ಮಾಲು ಬರುವುದು ಲಾರಿಯಲ್ಲಿ, ನಡೆದು ಬರುವುದಿಲ್ಲ. ಇಳಿಸಲು ಗೊತ್ತಾದ ಜಾಗವಿಲ್ಲದ ಕಾರಣ ಲಾರಿ ನಡುರಸ್ತೆಯಲ್ಲಿ ನಿಲ್ಲುತ್ತದೆ, ಅದಕ್ಕೆ ದಂಡ ಬೀಳುತ್ತದೆ, ದಂಡ ನಮ್ಮ ಬಿಲ್ಲಿಗೆ ಸೇರುತ್ತದೆ. ಕರಡಿನಲ್ಲಿ 'ಸರಕು' ಎಂಬ ಶಬ್ದವನ್ನು ಹುಡುಕಿದೆ, ಒಂದೇ ಕಡೆ ಇದೆ, ಅದೂ ಸಗಟು ಮಾರುಕಟ್ಟೆಯನ್ನು ಹೊರಗೆ ಸಾಗಿಸುವ ಕುರಿತು. ಪ್ರತಿ ಬೀದಿಗೂ ಸರಕು ಇಳಿಸಲು ಗುರುತು ಹಾಕಿದ ಜಾಗ ಮತ್ತು ಗೊತ್ತುಪಡಿಸಿದ ಹೊತ್ತು ಕೊಟ್ಟರೆ, ರಸ್ತೆಬದಿಯ ಪಾರ್ಕಿಂಗ್ ಬಗ್ಗೆ ನನ್ನ ಹಟ ಅಷ್ಟಿರುವುದಿಲ್ಲ.

ಕೇಂದ್ರಭಾಗದ ನಿವಾಸಿ

ಇಲ್ಲಿಯವರೆಗಿನ ಚರ್ಚೆಯಲ್ಲಿ ಕೇಂದ್ರಕ್ಕೆ ಬಂದುಹೋಗುವವರಿದ್ದಾರೆ, ಅಲ್ಲೇ ಮಲಗಿ ಏಳುವವರಿಲ್ಲ. ಖಾಲಿ ಬಿದ್ದ ಕಚೇರಿ ಕಟ್ಟಡಗಳನ್ನು ಮನೆಗಳಾಗಿ ಪರಿವರ್ತಿಸಲು ಸುಲಭ ಅನುಮತಿ ಕೊಡಬೇಕೆಂಬ ಪ್ರಸ್ತಾವ ಕರಡಿನಲ್ಲಿದೆ. ಕೇಂದ್ರದಲ್ಲಿ ಜನ ವಾಸಿಸಬೇಕೆಂಬ ಆಸೆ ನನ್ನದೂ ಹೌದು; ಸಂಜೆ ಏಳರ ನಂತರ ನಮ್ಮ ಬೀದಿ ಪಾಳು ಬೀಳುವುದನ್ನು ನೋಡುತ್ತ ಬೆಳೆದವಳು ನಾನು. ಆದರೆ ಸುಲಭ ಅನುಮತಿ ಎಂದರೆ ಏನೆಂಬುದನ್ನು ಇಂಗ್ಲೆಂಡಿನ ಅನುಭವದಿಂದ ತಿಳಿಯಬೇಕು. ಅಲ್ಲಿ 2013ರಿಂದ ಕಚೇರಿಯನ್ನು ಮನೆ ಮಾಡಲು ಪೂರ್ಣ ಯೋಜನಾ ಅನುಮತಿ ಬೇಡವೆಂದರು. ಸರ್ಕಾರಕ್ಕಾಗಿಯೇ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಪರಿವರ್ತನೆಯಾದ ಮನೆಗಳಲ್ಲಿ ಕೇವಲ ಶೇ 22ರಷ್ಟು ರಾಷ್ಟ್ರೀಯ ವಿಸ್ತೀರ್ಣ ಮಾನದಂಡವನ್ನು ಮುಟ್ಟಿದ್ದವು. ಪೂರ್ಣ ಅನುಮತಿ ಪಡೆದವುಗಳಲ್ಲಿ ಆ ಪ್ರಮಾಣ ಶೇ 73. ಕೆಲವಕ್ಕೆ ಕಿಟಕಿಯೇ ಇರಲಿಲ್ಲ. ಪ್ರತಿ ವಾಸದ ಕೋಣೆಗೆ ಸಹಜ ಬೆಳಕು ಬೇಕೆಂಬ ಷರತ್ತು 2020ರಲ್ಲಿ, ಕನಿಷ್ಠ ವಿಸ್ತೀರ್ಣ ಬೇಕೆಂಬ ಷರತ್ತು 2021ರಲ್ಲಿ ಬಂತು. ಏಳೆಂಟು ವರ್ಷಗಳಲ್ಲಿ ಕಟ್ಟಿದ ಕಿಟಕಿಯಿಲ್ಲದ ಕೋಣೆಗಳಲ್ಲಿ ಮಕ್ಕಳು ಬೆಳೆದಿದ್ದಾರೆ. ನಾವು ಆ ಷರತ್ತುಗಳನ್ನು ಮೊದಲ ದಿನವೇ ಬರೆಯಬಹುದಲ್ಲವೇ?

ಎರಡನೆಯದು ಸದ್ದು. ನಮ್ಮ ಮನೆಯ ಎದುರು ಸಂಗೀತ ಕಾರ್ಯಕ್ರಮ ನಡೆಯುವ ಸಭಾಂಗಣವಿದೆ, ಅದು ನಾವು ಬರುವ ಮೊದಲಿನಿಂದಲೂ ಇತ್ತು. ಪಕ್ಕದಲ್ಲಿ ಹೊಸ ವಸತಿ ಕಟ್ಟಡ ಎದ್ದು, ಅಲ್ಲಿಗೆ ಬಂದವರು ದೂರು ಕೊಟ್ಟ ಮೇಲೆ ಸಭಾಂಗಣದ ಹೊತ್ತನ್ನು ಕಡಿತ ಮಾಡಲಾಯಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲಿ, ಇಂಗ್ಲೆಂಡ್ 2018ರಲ್ಲಿ ಇದಕ್ಕೊಂದು ನ್ಯಾಯವಾದ ನಿಯಮ ಮಾಡಿವೆ: ಬದಲಾವಣೆ ತರುವವರೇ ಅದರ ಪರಿಣಾಮದ ಹೊಣೆ ಹೊರಬೇಕು. ಹಳೆಯ ಸಭಾಂಗಣದ ಪಕ್ಕ ಹೊಸ ಮನೆ ಕಟ್ಟುವವರು ಸದ್ದು ತಡೆಯುವ ಕಿಟಕಿ ಹಾಕಿಸಬೇಕು. ಹೊಸ ಸಭಾಂಗಣ ಬಂದರೆ ಅದು ಹಳೆಯ ನಿವಾಸಿಗಳ ನಿದ್ದೆ ಕಾಯಬೇಕು. ಇಷ್ಟನ್ನು ಸೇರಿಸಲು ಒಂದು ಪ್ಯಾರಾ ಸಾಕು.

ಹೊಸ ಸದಸ್ಯರು

ಚಿಕ್ಕ ವಿಷಯವೆಂದು ತೋರಬಹುದು, ಆದರೂ ಬರೆಯುತ್ತೇನೆ. ನನ್ನ ತಾಯಿಗೆ ಎಪ್ಪತ್ತಾರು ವರ್ಷ, ಕೋಲು ಹಿಡಿದು ನಡೆಯುತ್ತಾರೆ. ಕೇಂದ್ರದ ದೊಡ್ಡ ವೃತ್ತದಲ್ಲಿ ರಸ್ತೆ ದಾಟಲು ಹಸಿರು ದೀಪ ಹತ್ತಿದ ಕ್ಷಣವೇ ಹೊರಟರೂ ನಡುವಿನ ವಿಭಜಕ ಮುಟ್ಟುವಷ್ಟರಲ್ಲಿ ದೀಪ ಕೆಂಪಾಗುತ್ತದೆ. ಅಮ್ಮ ಈಗ ಅಲ್ಲಿಗೆ ಬರುವುದನ್ನೇ ಬಿಟ್ಟಿದ್ದಾರೆ. ಸಿಗ್ನಲ್ ಹೊತ್ತನ್ನು ಯಾವ ಲೆಕ್ಕದ ಮೇಲೆ ಇಡುತ್ತಾರೆ, ಅದು ಯೋಜನಾ ನೀತಿಯ ವ್ಯಾಪ್ತಿಗೆ ಬರುತ್ತದೆಯೇ ಎಂದು ತಿಳಿದವರು ಹೇಳಬೇಕು.

ಸಂಚಾರ ಎಂಜಿನಿಯರ್

ಚಿಕ್ಕ ವಿಷಯವಲ್ಲ. ಲೆಕ್ಕ ಹೀಗಿದೆ: ದಾಟುವವರು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಎಂದು ಬಹುಕಾಲದಿಂದ ಇಟ್ಟುಕೊಂಡು ಬಂದಿದ್ದಾರೆ. 18 ಮೀಟರ್ ಅಗಲದ ರಸ್ತೆಗೆ ಅದರಂತೆ 15 ಸೆಕೆಂಡ್. ಅಮೆರಿಕದ ಸಂಚಾರ ಸಾಧನಗಳ ಕೈಪಿಡಿ 2009ರಲ್ಲಿ ಈ ವೇಗವನ್ನು ಸೆಕೆಂಡಿಗೆ 4 ಅಡಿಯಿಂದ 3.5 ಅಡಿಗೆ, ಅಂದರೆ ಸುಮಾರು 1.07 ಮೀಟರಿಗೆ ಇಳಿಸಿತು. ಆಗ 17 ಸೆಕೆಂಡ್ ಬೇಕು. ಕೋಲು ಹಿಡಿದವರು 0.8 ಮೀಟರ್ ವೇಗದಲ್ಲಿ ನಡೆದರೆ ಅದೇ ರಸ್ತೆಗೆ 22 ಸೆಕೆಂಡಿಗಿಂತ ಹೆಚ್ಚು. ಈ ಏಳು ಸೆಕೆಂಡ್ ನಿಮ್ಮ ತಾಯಿಯವರನ್ನು ಮನೆಯಲ್ಲಿ ಕೂರಿಸಿದೆ. ಸಿಗ್ನಲ್ ನಿರ್ವಹಣೆ ಬೇರೆ ಇಲಾಖೆಯದ್ದಾದರೂ, ಕೇಂದ್ರಭಾಗದಲ್ಲಿ ದಾಟುವ ಹೊತ್ತನ್ನು ಯಾವ ವೇಗದ ಮೇಲೆ ಲೆಕ್ಕ ಹಾಕಬೇಕೆಂದು ಯೋಜನಾ ನೀತಿ ಹೇಳಬಹುದು, ಹೇಳಲೇಬೇಕು. ವೃತ್ತದ ಹೆಸರು ಮತ್ತು ನೀವು ಎಣಿಸಿದ ಸೆಕೆಂಡುಗಳನ್ನು ಕಳುಹಿಸಿ, ಸಲಹಾಪತ್ರಕ್ಕೆ ಸೇರಿಸೋಣ.

ನಿವೃತ್ತ ಯೋಜನಾಧಿಕಾರಿ

ನಾನು ಮೂರು ದಶಕ ಇಂಥ ಕಚೇರಿಯೊಂದರಲ್ಲಿ ಕುಳಿತು ನಕ್ಷೆಗಳನ್ನು ಮಂಜೂರು ಮಾಡಿದವನು. ತಾವೆಲ್ಲ ನಿಯಮಗಳ ಬಗ್ಗೆ ಬರೆದಿದ್ದೀರಿ, ಬರೆದದ್ದು ಸರಿಯಾಗಿಯೇ ಇದೆ. ಆದರೆ ನನ್ನ ಅನುಭವದಲ್ಲಿ ನಗರಕೇಂದ್ರವನ್ನು ನಿಜವಾಗಿ ಕಟ್ಟಿದ್ದು ವಿನಾಯಿತಿಗಳು. ಸೆಟ್‌ಬ್ಯಾಕ್‌ನಲ್ಲಿ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ಅರ್ಧ ಮೀಟರ್ ರಿಯಾಯಿತಿ, ನೆಲ ಅಂತಸ್ತಿನ ಬಳಕೆಯಲ್ಲಿ ಬದಲಾವಣೆ, ಎತ್ತರದಲ್ಲಿ ಒಂದು ಅಂತಸ್ತಿನ ಹೆಚ್ಚಳ: ಇಂಥ ಒಂದೊಂದು ಅರ್ಜಿಯೂ ಅದರಷ್ಟಕ್ಕೆ ಅದು ನೋಡಿದರೆ ಕೊಡಬಹುದಾದದ್ದೇ. ಅರ್ಜಿದಾರರ ಕಷ್ಟ ನಿಜವಾದದ್ದು, ನಿವೇಶನ ಓರೆಯಾಗಿರುತ್ತದೆ, ಪಕ್ಕದವರಿಗೆ ಹಿಂದಿನ ವರ್ಷ ಕೊಟ್ಟಿರುತ್ತೇವೆ. ಪಕ್ಕದವರಿಗೆ ಕೊಟ್ಟದ್ದೇ ಮುಂದಿನವರಿಗೆ ಆಧಾರವಾಗುತ್ತದೆ. ಹತ್ತು ವರ್ಷ ಕಳೆದು ಆ ಬೀದಿಯ ಒಂದು ತುದಿಯಲ್ಲಿ ನಿಂತು ನೋಡಿದರೆ ನಿಯಮ ಪುಸ್ತಕದಲ್ಲಿ ಹಾಗೇ ಇರುತ್ತದೆ, ಅದರಂತೆ ಕಟ್ಟಿದ ಕಟ್ಟಡ ಮಾತ್ರ ಒಂದೂ ಇರುವುದಿಲ್ಲ.

ಒಂದು ಪ್ರಸಂಗ ನನ್ನ ಮನಸ್ಸಿನಿಂದ ಹೋಗಿಲ್ಲ. ಒಂದು ಬೀದಿಯಲ್ಲಿ ನೆಲ ಅಂತಸ್ತು ಅಂಗಡಿಗಳಿಗೇ ಮೀಸಲು ಎಂಬ ನಿಯಮವಿತ್ತು, ಜನ ಓಡಾಡುವ ಬೀದಿ ಜೀವಂತವಾಗಿರಲಿ ಎಂಬುದು ಅದರ ಉದ್ದೇಶ. ಐದು ವರ್ಷಗಳಲ್ಲಿ ನನ್ನ ಮೇಜಿಗೆ ಬಂದ ಹನ್ನೊಂದು ಅರ್ಜಿಗಳಲ್ಲಿ ಒಂಬತ್ತಕ್ಕೆ ನಾನೇ ವಿನಾಯಿತಿಗೆ ಶಿಫಾರಸು ಬರೆದೆ. ಕೆಲವರಿಗೆ ವಾಹನ ನಿಲ್ಲಿಸಲು, ಕೆಲವರಿಗೆ ಕಚೇರಿಯ ಸ್ವಾಗತ ಕೋಣೆಗೆ. ಪ್ರತಿ ಕಡತದಲ್ಲೂ 'ಇದರಿಂದ ಬೀದಿಯ ಸ್ವರೂಪಕ್ಕೆ ಗಣನೀಯ ಧಕ್ಕೆ ಇರುವುದಿಲ್ಲ' ಎಂಬ ವಾಕ್ಯ ನನ್ನ ಕೈಬರಹದಲ್ಲೇ ಇದೆ. ನಿವೃತ್ತಿಯ ನಂತರ ಒಂದು ಸಂಜೆ ಆ ಬೀದಿಯಲ್ಲಿ ನಡೆದುಹೋದೆ. ಒಂದೂ ಕಿಟಕಿಯ ಬೆಳಕಿಲ್ಲ, ಒಂದರ ನಂತರ ಒಂದು ಶಟರು. ನನ್ನ ಮುಂದೆ ಹೋಗುತ್ತಿದ್ದ ಹೆಣ್ಣುಮಗಳೊಬ್ಬಳು ನನ್ನ ಹೆಜ್ಜೆಯ ಸದ್ದು ಕೇಳಿ ಹಿಂತಿರುಗಿ ನೋಡಿ ಬಿರಬಿರನೆ ನಡೆದಳು. ಆ ಒಂಬತ್ತು ವಾಕ್ಯಗಳನ್ನು ಬರೆಯುವಾಗ ನನ್ನ ಎದುರು ಒಂದು ಬಾರಿಗೆ ಒಂದೇ ಕಡತ ಇತ್ತು. ಇಡೀ ಬೀದಿಯ ನಕ್ಷೆಯನ್ನು ಯಾರಾದರೂ ಮುಂದಿಟ್ಟಿದ್ದರೆ ನಾಲ್ಕನೆಯದಕ್ಕೇ ನನ್ನ ಕೈ ತಡೆಯುತ್ತಿತ್ತು.

ಆದ್ದರಿಂದ ನನ್ನ ಸಲಹೆ ಒಂದೇ. ಕೇಂದ್ರಭಾಗದಲ್ಲಿ ಕಳೆದ ಯೋಜನಾ ಅವಧಿಯಲ್ಲಿ ಕೊಟ್ಟ ಎಲ್ಲ ವಿನಾಯಿತಿಗಳನ್ನು ಬೀದಿವಾರು ನಕ್ಷೆಯ ಮೇಲೆ ಗುರುತಿಸಿ ಪ್ರಕಟಿಸದೆ ಹೊಸ ಕರಡನ್ನು ಅಂತಿಮಗೊಳಿಸಬಾರದು ಎಂದು ಕೇಳಿ. ಒಂದು ನಿಯಮಕ್ಕೆ ಅರ್ಧಕ್ಕಿಂತ ಹೆಚ್ಚು ಅರ್ಜಿಗಳಲ್ಲಿ ವಿನಾಯಿತಿ ಸಿಕ್ಕಿದ್ದರೆ ಆ ನಿಯಮವೇ ತಪ್ಪಿರಬೇಕು, ಇಲ್ಲವೇ ವಿನಾಯಿತಿಯ ಅಧಿಕಾರ ತಪ್ಪಿರಬೇಕು. ಯಾವುದು ಎಂದು ಬೀದಿಗೊಂದು ಉತ್ತರ ಸಿಗುತ್ತದೆ. ಮುಂದಕ್ಕೆ, ಪ್ರತಿ ವಿನಾಯಿತಿ ಅರ್ಜಿಯ ಜತೆ ಆ ಬೀದಿಯಲ್ಲಿ ಹಿಂದೆ ಕೊಟ್ಟವುಗಳ ಪಟ್ಟಿ ಕಡ್ಡಾಯವಾಗಿರಲಿ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಹುದ್ದೆಯೂ ಬೇಡ. ಮಾಹಿತಿಯೆಲ್ಲ ಕಡತಗಳಲ್ಲಿ ಇದೆ.

ವಾಸ್ತುಶಿಲ್ಪಿ

ಸರ್, ಇಷ್ಟು ಪ್ರಾಮಾಣಿಕವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ವಿನಾಯಿತಿ ಅರ್ಜಿಗಳನ್ನು ಸಿದ್ಧಪಡಿಸಿ ತರುವವರು ನಮ್ಮ ವೃತ್ತಿಯವರೇ. ನಾನೂ ತಂದಿದ್ದೇನೆ, ಪಕ್ಕದ ಕಟ್ಟಡದ ಉದಾಹರಣೆ ಕೊಟ್ಟೇ ತಂದಿದ್ದೇನೆ. ತಾವು ಹೇಳಿದ ಪಟ್ಟಿಯನ್ನು ಅರ್ಜಿಯ ಜತೆ ನಾವೇ ಲಗತ್ತಿಸಬೇಕೆಂದಾದರೆ, ಅರ್ಜಿ ಬರೆಯುವ ಕೈಯೂ ತಡೆಯುತ್ತದೆ.

ಚರ್ಚೆ ಆರಂಭಿಸಿದವರು

ಎಲ್ಲರಿಗೂ ಧನ್ಯವಾದಗಳು. ನಿವೃತ್ತ ಅಧಿಕಾರಿಗಳ ಸಲಹೆಯನ್ನು ಪತ್ರದ ಮೊದಲ ಕೋರಿಕೆಯಾಗಿ ಇಡುತ್ತೇನೆ. ಬೇರೆಲ್ಲವೂ ಅದರ ಕೆಳಗೆ ಬರಲಿ. ಸರಕು ಇಳಿಸುವ ಜಾಗ, ದಾಟುವ ಹೊತ್ತಿನ ಲೆಕ್ಕ, ಅಡೆತಡೆಯಿಲ್ಲದ ಅಗಲ, ಪರಿವರ್ತಿತ ಮನೆಗಳಿಗೆ ಬೆಳಕು ಮತ್ತು ವಿಸ್ತೀರ್ಣ, ಸದ್ದಿನ ಹೊಣೆ, ಹೆಚ್ಚುವರಿ ಅಂತಸ್ತು ಪಡೆದವರ ಅಂಗಳಗಳ ಪಟ್ಟಿ: ಇವುಗಳಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯ ಕಾಣುವುದಿಲ್ಲ. ಕನಿಷ್ಠ ಪಾರ್ಕಿಂಗ್ ತೆಗೆಯುವ ವಿಷಯದಲ್ಲಿ ಇದೆ, ಅದನ್ನು ಭಿನ್ನಾಭಿಪ್ರಾಯವೆಂದೇ ದಾಖಲಿಸುತ್ತೇನೆ.

ರಸ್ತೆಬದಿಯ ಬದಲಾವಣೆಗೆ ಸ್ಟಾಕ್‌ಹೋಮ್ ಅನುಸರಿಸಿದ ಕ್ರಮವನ್ನು ಕೇಳೋಣ ಎಂದುಕೊಂಡಿದ್ದೇನೆ. ಅಲ್ಲಿ ದಟ್ಟಣೆ ಶುಲ್ಕವನ್ನು, ಅಂದರೆ ನಗರದ ಒಳವಲಯದ ಗಡಿ ದಾಟುವ ವಾಹನಗಳ ಮೇಲಿನ ಶುಲ್ಕವನ್ನು, 2006ರ ಜನವರಿ 3ರಿಂದ ಜುಲೈ 31ರವರೆಗೆ ಮಾತ್ರ ಜಾರಿಗೆ ತಂದರು. ಮೊದಲೂ ಅಳೆದರು, ನಡುವೆಯೂ ಅಳೆದರು, ಗಡಿ ದಾಟುವ ವಾಹನಗಳು ಸುಮಾರು ಶೇ 20ರಷ್ಟು ಇಳಿದದ್ದನ್ನೂ ಶುಲ್ಕ ನಿಲ್ಲಿಸಿದಾಗ ಮತ್ತೆ ಏರಿದ್ದನ್ನೂ ಜನ ಕಣ್ಣಾರೆ ಕಂಡರು. ಸೆಪ್ಟೆಂಬರಿನಲ್ಲಿ ಮತ ಹಾಕಿದರು, 2007ರ ಆಗಸ್ಟಿನಿಂದ ಅದು ಕಾಯಂ ಆಯಿತು. ಆರಂಭದ ದಿನದಷ್ಟೇ ಸ್ಪಷ್ಟವಾಗಿ ಮುಗಿಯುವ ದಿನವನ್ನೂ ಮೊದಲೇ ಹೇಳಿದ್ದರು ಎಂಬುದನ್ನು ಅಂಗಡಿಯವರು ಗಮನಿಸಬೇಕು. ಚರಂಡಿ ಕೆಲಸದ ಒಂಬತ್ತು ತಿಂಗಳು ಮರುಕಳಿಸದಿರಲು, ಗಡುವು ಮೀರಿದರೆ ಬೀದಿ ಹಿಂದಿನ ಸ್ಥಿತಿಗೆ ತಾನಾಗಿ ಮರಳಬೇಕು ಎಂಬ ಷರತ್ತನ್ನೂ ಸೇರಿಸುತ್ತೇನೆ.

ಅಳತೆಯನ್ನು ನಾವೇ ಶುರುಮಾಡೋಣ. ಬರುವ ಗುರುವಾರ ಮತ್ತು ಶನಿವಾರ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ, ಮುಖ್ಯರಸ್ತೆಯಲ್ಲಿ ನಡೆದು ಹೋಗುವವರನ್ನೂ ನಿಂತ ವಾಹನಗಳು ಎಷ್ಟು ಹೊತ್ತು ನಿಲ್ಲುತ್ತವೆ ಎಂಬುದನ್ನೂ ಎಣಿಸಬೇಕು. ಎರಡೆರಡು ಗಂಟೆಯ ಪಾಳಿ. ಬೆಳಗಿನ ಪಾಳಿ ನನ್ನದು. ಸಂಜೆ ನಾಲ್ಕರಿಂದ ಆರು, ಆರರಿಂದ ಎಂಟು ಖಾಲಿ ಇವೆ.

ಕೇಂದ್ರಭಾಗದ ನಿವಾಸಿ

ಆರರಿಂದ ಎಂಟು ನನಗೆ ಬರೆಯಿರಿ, ಎರಡೂ ದಿನ.

ಅಂಗಡಿ ನಡೆಸುವವರು

ಗುರುವಾರ ನಾಲ್ಕರಿಂದ ಆರು ನಾನು ಕೂರುತ್ತೇನೆ, ಅಂಗಡಿಯ ಬಾಗಿಲಿನಿಂದಲೇ ಎರಡೂ ಬದಿ ಕಾಣುತ್ತದೆ. ಅಂದು ಒಳಗೆ ಬಂದ ಪ್ರತಿ ಗಿರಾಕಿಯನ್ನೂ ಹೇಗೆ ಬಂದಿರಿ ಎಂದು ಕೇಳಿ ಬರೆದಿಡುತ್ತೇನೆ. ನನ್ನ ಅಂದಾಜು ಅರ್ಧದಷ್ಟು ಜನ ಕಾರಿನಲ್ಲಿ ಬರುತ್ತಾರೆ ಎಂದು. ಎಣಿಸುವ ಮೊದಲೇ ಇಲ್ಲಿ ಬರೆದಿರುತ್ತೇನೆ, ಆಮೇಲೆ ಹೋಲಿಸಿ ನೋಡೋಣ.